ಹೆಸರಿಲ್ಲದ ಹಡಗು: ಎಲ್‌ಎಸ್‌ಟಿ 325ರ ಕಥೆ

ಕಂತು 1/10: ಬರೀ ನಂಬರ್

ಫೋಟೋದಲ್ಲಿರೋ ಹಡಗನ್ನ ಒಂದ್ಸಲ ಸರಿಯಾಗಿ ನೋಡಿ. ಚೂಪಾದ ಮೂತಿ ಇಲ್ಲ, ದೊಡ್ಡ ಫಿರಂಗಿಗಳಿಲ್ಲ. ಯುದ್ಧನೌಕೆ ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರೋ ಯಾವ ಗತ್ತೂ ಇದಕ್ಕಿಲ್ಲ. ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ ನೀರಲ್ಲಿ ತೇಲ್ತಾ ಇರೋ ಹಾಗಿದೆ. ಕಟ್ಟಿದವರು ಇದಕ್ಕೆ ಹೆಸರು ಕೂಡ ಇಡಲಿಲ್ಲ. ಮೂತಿ ಮೇಲೆ ಬರೆದಿರೋದು ಮೂರೇ ಅಂಕಿ: 325.

ಪೂರ್ತಿಯಾಗಿ ಹೇಳೋದಾದ್ರೆ ಲ್ಯಾಂಡಿಂಗ್ ಶಿಪ್, ಟ್ಯಾಂಕ್. ಚಿಕ್ಕದಾಗಿ ಎಲ್‌ಎಸ್‌ಟಿ. ಯುದ್ಧದ ಟ್ಯಾಂಕುಗಳನ್ನ ಸಮುದ್ರ ದಾಟಿಸಿ, ಬಂದರೇ ಇಲ್ಲದ ಬರೀ ಮರಳಿನ ದಡದ ಮೇಲೆ ಇಳಿಸೋ ಹಡಗು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಇಂಥವನ್ನ 1,051 ಕಟ್ಟಿತು. ಆ ದೇಶದ ನೌಕಾಪಡೆ ಬ್ಯಾಟಲ್‌ಶಿಪ್‌ಗಳಿಗೆ ರಾಜ್ಯಗಳ ಹೆಸರಿಡ್ತಿತ್ತು, ಕ್ರೂಸರ್‌ಗಳಿಗೆ ಊರುಗಳ ಹೆಸರು, ಡೆಸ್ಟ್ರಾಯರ್‌ಗಳಿಗೆ ನೌಕಾಪಡೆಯ ವೀರರ ಹೆಸರು. ಇವಕ್ಕೆ ಮಾತ್ರ ನಂಬರ್.

ನಾನು ಬಿಕಾಂ ಓದೋದು, ಹಾಗಾಗಿ ನನಗೆ ಇದು ಲೆಕ್ಕದ ಪುಸ್ತಕದ ಹಾಗೆ ಕಾಣುತ್ತೆ. ಅಂಗಡಿಗೆ ಯಂತ್ರ ತಂದ್ರೆ ಅದು ಆಸ್ತಿ. ಹತ್ತಿಪ್ಪತ್ತು ವರ್ಷ ಬಾಳುತ್ತೆ ಅಂದ್ಕೊಂಡು ವರ್ಷ ವರ್ಷ ಸವಕಳಿ ಬರೀತೀವಿ. ಪೇಪರು, ಪೆನ್ನು, ಡೀಸೆಲ್ಲು ತಂದ್ರೆ ಅದು ಖರ್ಚು. ತಂದ ವರ್ಷವೇ ಮುಗಿದ ಲೆಕ್ಕ. ಎಲ್‌ಎಸ್‌ಟಿಗಳನ್ನ ಕಟ್ಟಿಸಿದವರ ಕಣ್ಣಲ್ಲಿ ಅವು ಎರಡನೇ ಸಾಲಿಗೆ ಸೇರಿದ್ವು. ಯುದ್ಧ ಮುಗಿಯೋವರೆಗೆ ಬಾಳಿದ್ರೆ ಸಾಕು.

ಆದ್ರೆ 1942ರಲ್ಲಿ ನೀರಿಗಿಳಿದ 325 ಇನ್ನೂ ಇದೆ. ಇದೆ ಅಂದ್ರೆ ಸುಮ್ಮನೆ ನಿಂತಿಲ್ಲ, ತನ್ನದೇ ಇಂಜಿನ್ನಿನಲ್ಲಿ ಓಡುತ್ತೆ. ಖರ್ಚಿನ ಬಾಬ್ತಿಗೆ ಬರೆದ ಹಡಗು ಉಳಿದಿದ್ದು ಹೇಗೆ? ಹತ್ತು ಕಂತಲ್ಲಿ ನೋಡೋಣ, ಜೊತೆಗಿರಿ.

—

ಕಂತು 2/10: ಬಾಗಿಲು ಮುಚ್ಚಿದ ಖಂಡ

ಕಥೆ ಶುರುವಾಗೋದು 1940ರ ಡಂಕರ್ಕ್‌ನಲ್ಲಿ. ಜರ್ಮನ್ ಸೇನೆ ಸುತ್ತುವರಿದಾಗ ಬ್ರಿಟನ್ ಫ್ರಾನ್ಸಿನ ಈ ದಡದಿಂದ 3,38,000ಕ್ಕೂ ಹೆಚ್ಚು ಸೈನಿಕರನ್ನ ದೋಣಿ, ಹಡಗು, ಕೈಗೆ ಸಿಕ್ಕಿದ್ದರಲ್ಲೆಲ್ಲ ಹತ್ತಿಸ್ಕೊಂಡು ವಾಪಸ್ ಕರ್ಕೊಂಡು ಬಂತು. ಇಷ್ಟು ನಮಗೆಲ್ಲ ಗೊತ್ತು, ಸಿನಿಮಾನೂ ನೋಡಿದ್ದೀವಿ. ಅಷ್ಟಾಗಿ ಮಾತಿಗೆ ಬಾರದ ಸಂಗತಿ ಇನ್ನೊಂದಿದೆ. ಜನ ಬಂದ್ರು, ಸಾಮಾನು ಬರಲಿಲ್ಲ. ಟ್ಯಾಂಕು, ಫಿರಂಗಿ, ಲಾರಿ ಎಲ್ಲ ಫ್ರಾನ್ಸಿನಲ್ಲೇ ಉಳೀತು.

ಈಗ ನೀವೇ ಬ್ರಿಟನ್ನಿನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಒಂದಲ್ಲ ಒಂದು ದಿನ ವಾಪಸ್ ಹೋಗಬೇಕು. ಯುರೋಪಿನ ದೊಡ್ಡ ಬಂದರುಗಳೆಲ್ಲ ಶತ್ರುವಿನ ಕೈಲಿವೆ, ಕಾವಲು ಬಿಗಿಯಾಗಿದೆ. ಸೈನಿಕರನ್ನ ಸಣ್ಣ ದೋಣಿಗಳಲ್ಲಿ ದಡಕ್ಕೆ ತಂದು ಮೊಣಕಾಲುದ್ದ ನೀರಿಗೆ ಇಳಿಸಬಹುದು. ಆದ್ರೆ 30 ಟನ್ ತೂಕದ ಟ್ಯಾಂಕನ್ನ? ಕ್ರೇನ್ ಇಲ್ಲ, ಕಟ್ಟೆ ಇಲ್ಲ, ಎದುರಿಂದ ಗುಂಡು ಬರ್ತಾ ಇದೆ.

ಮೊದಲು ಬ್ರಿಟಿಷರು ಕೈಲಿದ್ದ ಹಡಗುಗಳಲ್ಲೇ ದಾರಿ ಹುಡುಕಿದ್ರು. ವೆನೆಜುವೆಲಾದ ಮಾರಕೈಬೊ ಅನ್ನೋ ಆಳ ಕಡಿಮೆ ಇರೋ ಸರೋವರದಲ್ಲಿ ಎಣ್ಣೆ ಸಾಗಿಸೋಕೆ ಕಟ್ಟಿದ್ದ ಮೂರು ಹಡಗುಗಳನ್ನ ತಂದು, ಮೂತಿ ಕೊಯ್ದು, ಬಾಗಿಲು ಹಾಕಿ ಪ್ರಯೋಗ ಮಾಡಿದ್ರು. ಕೆಲಸ ಆಯ್ತು. ಆದ್ರೆ ಮೂರು ಹಡಗಿಂದ ಒಂದು ಖಂಡಕ್ಕೆ ನುಗ್ಗೋಕಾಗಲ್ಲ. ನೂರಾರು ಬೇಕು, ಅದೂ ಅಟ್ಲಾಂಟಿಕ್ ದಾಟಿ ಬರುವಂಥವು.

1941ರ ಕೊನೆಗೆ ಈ ಬೇಡಿಕೆ ಅಮೆರಿಕಕ್ಕೆ ಹೋಯ್ತು. ಅಲ್ಲಿನ ನೌಕಾಪಡೆಯ ಹಡಗು ವಿನ್ಯಾಸ ವಿಭಾಗದಲ್ಲಿ ಜಾನ್ ನೀಡರ್‌ಮೈರ್ ಅನ್ನೋ ಇಂಜಿನಿಯರ್ ಇದ್ರು. ನವೆಂಬರ್‌ನಲ್ಲಿ, ಪರ್ಲ್ ಹಾರ್ಬರ್ ಮೇಲೆ ದಾಳಿ ಆಗೋಕೆ ಒಂದು ತಿಂಗಳು ಮುಂಚೆ, ಕೆಲವೇ ಗಂಟೆಗಳಲ್ಲಿ ಒಂದು ಕರಡು ಚಿತ್ರ ಬರೆದ್ರು. ಮುಂದೆ ಅಳತೆಗಳು ಬದಲಾದ್ವು, ಆದ್ರೆ ಉಪಾಯ ಅದೇ ಉಳೀತು. ಏನದು ಉಪಾಯ? ಮುಂದಿನ ಕಂತು.

—

ಕಂತು 3/10: ಹರಿಗೋಲು ಮತ್ತು ಸಮುದ್ರ

ಹಂಪಿಗೆ ಹೋದಾಗ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ್ದೀರಾ? ಅದರ ತಳ ಚಪ್ಪಟೆ. ಅದಕ್ಕೇ ಮೊಣಕಾಲುದ್ದ ನೀರಲ್ಲೂ ತೇಲುತ್ತೆ, ದಡದ ಕಲ್ಲಿನವರೆಗೂ ಬರುತ್ತೆ. ಅದೇ ಹರಿಗೋಲನ್ನ ಕಡಲಿಗೆ ಒಯ್ದು ನೋಡಿ, ಎರಡು ಅಲೆಗೇ ಮಗುಚುತ್ತೆ. ದೊಡ್ಡ ಕಡಲಿನ ಹಡಗಿಗೆ ತಳ ಆಳವಾಗಿರಬೇಕು, ನೀರೊಳಗೆ ಕೂತಿರಬೇಕು. ಅಂಥದ್ದು ದಡದ ಹತ್ರ ಬಂದ್ರೆ ಎಲ್ಲೋ ದೂರದಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ.

ಎರಡೂ ಒಂದೇ ಹಡಗಲ್ಲಿ ಬೇಕು ಅನ್ನೋದೇ ಸಮಸ್ಯೆ. ನೀಡರ್‌ಮೈರ್ ಕೊಟ್ಟ ಉತ್ತರ ನೀರು. ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ತೊಟ್ಟಿಗಳು. ಸಾಗರ ದಾಟುವಾಗ ಅವುಗಳಿಗೆ ಸಮುದ್ರದ ನೀರನ್ನೇ ತುಂಬಿಸೋದು, ಹಡಗು ಭಾರವಾಗಿ ಕೆಳಗೆ ಕೂರುತ್ತೆ. ದಡ ಹತ್ರ ಬಂದಾಗ ಪಂಪ್ ಹಾಕಿ ನೀರು ಹೊರಗೆ ಚೆಲ್ಲೋದು, ಹಡಗು ಹಗುರಾಗಿ ಮೇಲೇಳುತ್ತೆ. ದಡಕ್ಕೆ ಬರುವಾಗ ಮುಂಭಾಗಕ್ಕೆ ಸುಮಾರು 4 ಅಡಿ ನೀರಿದ್ರೆ ಸಾಕು, ಹಿಂಭಾಗಕ್ಕೆ ಸುಮಾರು 10 ಅಡಿ. ನೆನಪಿಡಿ, ಇದು 328 ಅಡಿ ಉದ್ದ, 50 ಅಡಿ ಅಗಲದ ಹಡಗು. ಒಳಗೆ ಇಪ್ಪತ್ತರ ಹತ್ತಿರ ಶರ್ಮನ್ ಟ್ಯಾಂಕುಗಳು.

ಮುಂದೇನಾಗುತ್ತೆ ಅಂದ್ರೆ, ಹಡಗು ಬೇಕಂತಲೇ ಮರಳಿಗೆ ಮೂತಿ ಒತ್ತುತ್ತೆ. ಮುಂಭಾಗ ಎರಡು ಬಾಗಿಲಾಗಿ ತೆರೆದುಕೊಳ್ಳುತ್ತೆ, ಒಳಗಿಂದ ಇಳಿಜಾರು ಹಲಗೆ ಕೆಳಗಿಳಿಯುತ್ತೆ, ಟ್ಯಾಂಕು ಅದರ ಮೇಲೆ ಓಡಿಸ್ಕೊಂಡು ಹೊರಗೆ. ವಾಪಸ್ ಹೋಗೋದು? ಬರುವಾಗಲೇ ಹಿಂಭಾಗದಿಂದ ಒಂದು ಲಂಗರು ಸಮುದ್ರದಲ್ಲಿ ಬಿಟ್ಟು ಬಂದಿರ್ತಾರೆ. ಕೆಲಸ ಮುಗಿದ ಮೇಲೆ ಅದರ ಸರವನ್ನ ಯಂತ್ರದಿಂದ ಸುತ್ತುತ್ತಾ ಹಡಗು ತನ್ನನ್ನ ತಾನೇ ಹಿಂದಕ್ಕೆ ಎಳ್ಕೊಳ್ಳುತ್ತೆ.

ಇನ್ನೊಂದು ತೊಂದರೆ ಹೊಗೆ. ಮುಚ್ಚಿದ ಹೊಟ್ಟೆಯೊಳಗೆ ಅಷ್ಟೂ ಟ್ಯಾಂಕುಗಳ ಇಂಜಿನ್ ಒಟ್ಟಿಗೆ ಸ್ಟಾರ್ಟ್ ಮಾಡಿದ್ರೆ ಒಳಗಿದ್ದವರು ಉಸಿರುಗಟ್ಟಿ ಸಾಯ್ತಾರೆ. ಅದಕ್ಕೆ ಸಮುದ್ರದಿಂದ ಬಲು ದೂರದ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ, ನೆಲದ ಮೇಲೆ, ಹಡಗಿನ ಹೊಟ್ಟೆಯದೇ ಅಳತೆಯ ಕಟ್ಟಡ ಕಟ್ಟಿ, ಟ್ಯಾಂಕು ನಿಲ್ಲಿಸಿ, ಫ್ಯಾನುಗಳನ್ನ ಪರೀಕ್ಷೆ ಮಾಡಿದ್ರು.

ಇಂಜಿನ್ ಎರಡು, ಎರಡೂ ಡೀಸೆಲ್. ರೈಲು ಎಳೆಯೋಕೆ ಬಳಸ್ತಿದ್ದ ಜಾತಿಯವೇ. ವೇಗ ಹೆಚ್ಚೆಂದ್ರೆ 12 ನಾಟ್, ಅಂದ್ರೆ ಗಂಟೆಗೆ 22 ಕಿಲೋಮೀಟರ್. ಸ್ಕೂಟಿಯಲ್ಲಿ ಹೋಗೋರು ಇದನ್ನ ಆರಾಮಾಗಿ ಹಿಂದೆ ಹಾಕಬಹುದು.

—

ಕಂತು 4/10: ಜೋಳದ ಹೊಲದಲ್ಲಿ ಹಡಗು

ಈ ಫೋಟೋ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನದು. ಒಹಾಯೊ ನದಿ ದಡದ ಊರು, ಸಮುದ್ರ ನೂರಾರು ಮೈಲಿ ದೂರ. ಇಲ್ಲಿ ಹಡಗು ಕಟ್ಟಿದ್ದು ಯಾಕೆ?

ಕರಾವಳಿಯ ದೊಡ್ಡ ಹಡಗುಕಟ್ಟೆಗಳು ಆಗಲೇ ಬೇರೆ ಯುದ್ಧನೌಕೆಗಳಿಂದ ತುಂಬಿದ್ವು. ಒಂದು ಕಡೆಯಂತೂ ವಿಮಾನವಾಹಕ ನೌಕೆಗೆ ಹಾಕಿದ್ದ ಅಡಿಪಾಯವನ್ನೇ ಕಿತ್ತು ಆ ಜಾಗದಲ್ಲಿ ಎಲ್‌ಎಸ್‌ಟಿಗಳನ್ನ ಕಟ್ಟೋಕೆ ಶುರು ಮಾಡಿದ್ರು, ಅಷ್ಟು ಅವಸರ. ಹಾಗಾಗಿ ಒಳನಾಡಿನ ನದಿಗಳ ಪಕ್ಕ, ಸೇತುವೆ ಮತ್ತು ಉಕ್ಕಿನ ಕೆಲಸ ಗೊತ್ತಿದ್ದ ಕಂಪನಿಗಳಿಗೆ ಗುತ್ತಿಗೆ ಕೊಟ್ರು. ಜನ ಇವನ್ನ ಜೋಳದ ಹೊಲದ ಹಡಗುಕಟ್ಟೆ ಅಂತಲೇ ಕರೆದ್ರು. ಒಟ್ಟು 1,051ರಲ್ಲಿ 670 ಹಡಗು ಇಂಥ ಐದು ಒಳನಾಡಿನ ಕಟ್ಟೆಗಳಿಂದಲೇ ಬಂದವು. ಇವಾನ್ಸ್‌ವಿಲ್ ಒಂದೇ 167 ಕಟ್ಟಿತು. ಕೆಲಸ ಜೋರಾಗಿದ್ದಾಗ ಅಲ್ಲಿ ಸುಮಾರು 19 ಸಾವಿರ ಜನ ದುಡಿತಿದ್ರು. ಅವರಲ್ಲಿ ಬೆಸುಗೆ ಹಾಕೋದನ್ನ ಅಲ್ಲೇ ಬಂದು ಕಲಿತ ಹೆಂಗಸರು ಬಹಳ. ಸಮುದ್ರವನ್ನ ಒಮ್ಮೆಯೂ ನೋಡದ ಕೈಗಳು ಸಮುದ್ರದ ಹಡಗು ಕಟ್ಟಿದ್ವು. ತಯಾರಾದವು ನದಿಯಲ್ಲೇ ತೇಲ್ಕೊಂಡು ಮಿಸಿಸಿಪ್ಪಿ ಸೇರಿ, ಅಲ್ಲಿಂದ ಕಡಲಿಗೆ.

ನಮ್ಮ 325 ಮಾತ್ರ ಇಲ್ಲಿಯದಲ್ಲ. ಅದು ಹುಟ್ಟಿದ್ದು ಫಿಲಡೆಲ್ಫಿಯಾದ ನೌಕಾಪಡೆ ಕಟ್ಟೆಯಲ್ಲಿ. 1942ರ ಅಕ್ಟೋಬರ್ 27ರಂದು ನೀರಿಗಿಳೀತು, 1943ರ ಫೆಬ್ರವರಿ 1ರಂದು ಸೇವೆಗೆ ಸೇರ್ತು. ಹಾಗಿದ್ರೆ ಇವಾನ್ಸ್‌ವಿಲ್ ಫೋಟೋ ಯಾಕೆ ಹಾಕಿದ್ದೀನಿ ಅಂತೀರಾ? ಕೊನೆಯ ಕಂತಲ್ಲಿ ಗೊತ್ತಾಗುತ್ತೆ.

—

ಕಂತು 5/10: ದೊಡ್ಡ, ನಿಧಾನ, ಗುರಿ

ಇಂಥ ಒಂದೊಂದು ಹಡಗಲ್ಲೂ ನೂರಕ್ಕೂ ಹೆಚ್ಚು ನಾವಿಕರು. ಬಹುಪಾಲು ಹುಡುಗರು ಯುದ್ಧಕ್ಕಂತಲೇ ಸೇರಿದವರು. ಹೆಚ್ಚಿನವರಿಗೆ ನನ್ನ ವಯಸ್ಸು, ಇಲ್ಲ ಅದಕ್ಕಿಂತ ಒಂದೆರಡು ವರ್ಷ ಆಚೀಚೆ. ಎಲ್‌ಎಸ್‌ಟಿ ಅಕ್ಷರಗಳಿಗೆ ಅವರೇ ಒಂದು ಹೊಸ ಅರ್ಥ ಹುಡುಕಿದ್ರು: ಲಾರ್ಜ್ ಸ್ಲೋ ಟಾರ್ಗೆಟ್. ದೊಡ್ಡದು, ನಿಧಾನ, ಹೊಡೆಯೋಕೆ ಸುಲಭ. ತಮಾಷೆಯೇ, ಆದ್ರೆ ಪೂರ್ತಿ ತಮಾಷೆಯಲ್ಲ.

ಚಪ್ಪಟೆ ತಳದ ಹಡಗು ಅಲೆ ಬಂದಾಗ ಸೀಳ್ಕೊಂಡು ಹೋಗಲ್ಲ, ಅದರ ಮೇಲೆ ಬೀಳುತ್ತೆ. ಇಡೀ ಹಡಗು ಅತ್ತಿತ್ತ ತೊಟ್ಟಿಲ ಹಾಗೆ ಹೊರಳುತ್ತೆ. ಇಂಥದ್ದರಲ್ಲಿ ಅಟ್ಲಾಂಟಿಕ್ ದಾಟಿ 325 1943ರ ಏಪ್ರಿಲ್‌ನಲ್ಲಿ ಅಲ್ಜೀರಿಯಾದ ಓರಾನ್ ತಲುಪಿತು. ಮೂರು ತಿಂಗಳು ಆಫ್ರಿಕಾದ ದಡದಲ್ಲಿ ಒಂದೇ ತಾಲೀಮು: ಹತ್ತಿಸು, ದಡಕ್ಕೆ ಒತ್ತು, ಇಳಿಸು, ಹಿಂದಕ್ಕೆಳಿ.

ಜುಲೈ 10ಕ್ಕೆ ಸಿಸಿಲಿ ಮೇಲೆ ದಾಳಿ. 325 ಹೋಗಿದ್ದು ಗೇಲಾ ಅನ್ನೋ ಊರಿನ ದಡದ ಕಡೆಗೆ, ಮೀಸಲು ಪಡೆಯ ಜೊತೆ. ಅದೇ ದಿನ ಅದೇ ಗೇಲಾದಲ್ಲಿ ಎಲ್‌ಎಸ್‌ಟಿ 313ರ ಮೇಲೆ ಶತ್ರು ವಿಮಾನ ಬಾಂಬ್ ಹಾಕ್ತು. ಒಳಗೆ ಇಂಧನ ತುಂಬಿದ ವಾಹನಗಳು, ಮದ್ದುಗುಂಡು. ಹಡಗು ಉರಿದು ಹೋಯ್ತು. 313, 325. ಎರಡು ನಂಬರ್ ನಡುವೆ ಹನ್ನೆರಡೇ ಅಂತರ. ಒಂದೇ ನಕ್ಷೆ, ಒಂದೇ ತಗಡು, ಒಂದೇ ಸರಣಿ. ಒಂದು ಮೊದಲ ದಾಳಿಯ ದಿನವೇ ಮುಗೀತು, ಇನ್ನೊಂದು ಇವತ್ತಿಗೂ ಇದೆ. ನಡುವೆ ಇದ್ದಿದ್ದು ಬರೀ ಅದೃಷ್ಟ.

ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೊ. ಆ ವರ್ಷದ ಕೊನೆಗೆ ಇಂಗ್ಲೆಂಡಿನ ಪ್ಲಿಮತ್. ಅಲ್ಲಿ ಎಲ್ಲರೂ ಕಾಯ್ತಾ ಇದ್ದಿದ್ದು ಒಂದೇ ದೊಡ್ಡ ದಿನಕ್ಕೆ.

—

ಕಂತು 6/10: ಅಂಡಮಾನಿಗೆ ಬಾರದ ಹಡಗುಗಳು

ಇಲ್ಲೊಂದು ಕ್ಷಣ ಯುರೋಪ್ ಬಿಟ್ಟು ನಮ್ಮ ಬಂಗಾಳ ಕೊಲ್ಲಿಗೆ ಬನ್ನಿ. ಸಂಬಂಧ ಇದೆ.

1943ರ ಕೊನೆಗೆ ಮಿತ್ರಪಕ್ಷಗಳ ಹತ್ರ ಸೈನಿಕರಿದ್ರು, ಟ್ಯಾಂಕುಗಳಿದ್ವು, ಬಂದೂಕುಗಳಿದ್ವು. ಕಮ್ಮಿ ಇದ್ದಿದ್ದು ಇವೆಲ್ಲವನ್ನ ದಡಕ್ಕೆ ಮುಟ್ಟಿಸೋ ಹಡಗು. ಯಾವ ಯುದ್ಧ ಎಲ್ಲಿ, ಯಾವಾಗ ಅನ್ನೋದು ಎಲ್‌ಎಸ್‌ಟಿಗಳ ಲೆಕ್ಕದ ಮೇಲೆ ನಿಂತಿತ್ತು. ಎರಡು ಸಾಮ್ರಾಜ್ಯಗಳ ಯೋಜನೆ ಇಂಥ ಡಬ್ಬಿಗಳಿಗೆ ಕಟ್ಟಿಹಾಕಿದ ಹಾಗಾಗಿದೆ ಅಂತ ಚರ್ಚಿಲ್ ರೇಗಿದ್ದರಂತೆ.

ಆಗ ಅಂಡಮಾನ್ ದ್ವೀಪಗಳು ಜಪಾನಿನ ಕೈಲಿದ್ವು, 1942ರ ಮಾರ್ಚ್‌ನಿಂದ. ಅವನ್ನ ವಾಪಸ್ ತಗೊಳ್ಳೋಕೆ ಒಂದು ಯೋಜನೆ ತಯಾರಾಗಿತ್ತು, ಬಕನೀರ್ ಅಂತ ಅದರ ಗುಪ್ತನಾಮ. 1943ರ ಡಿಸೆಂಬರ್‌ನಲ್ಲಿ ಅದನ್ನ ಕೈಬಿಟ್ಟರು. ಅದಕ್ಕೆ ಬೇಕಿದ್ದ ಹಡಗುಗಳು ಯುರೋಪಿಗೆ ಬೇಕಾಗಿದ್ವು. ಮರುತಿಂಗಳೇ, 1944ರ ಜನವರಿ 30ರಂದು, ದಕ್ಷಿಣ ಅಂಡಮಾನಿನ ಹಂಫ್ರಿಗಂಜ್‌ನಲ್ಲಿ ಜಪಾನಿ ಸೇನೆ ಗೂಢಚಾರರು ಅನ್ನೋ ಆರೋಪ ಹೊರಿಸಿ 44 ಭಾರತೀಯರನ್ನ ಸಾಲಾಗಿ ನಿಲ್ಲಿಸಿ ಗುಂಡಿಟ್ಟಿತು. ಯುದ್ಧ ಮುಗಿಯೋವರೆಗೂ ಆ ದ್ವೀಪಗಳಿಗೆ ಬಿಡುಗಡೆ ಸಿಗಲಿಲ್ಲ.

ಯೋಜನೆ ನಡೆದಿದ್ರೆ ಆ ಜನ ಬದುಕ್ತಿದ್ರಾ? ಇತಿಹಾಸದಲ್ಲಿ ಅಂಥ ಪ್ರಶ್ನೆಗೆ ಉತ್ತರ ಇರಲ್ಲ. ಆದ್ರೆ ಒಂದು ಮಾತಂತೂ ಖರೆ. ಹಡಗು ಕಮ್ಮಿ ಇದ್ದಾಗ ಯಾರ ದಡ ಮೊದಲು, ಯಾರ ದಡ ಆಮೇಲೆ ಅಂತ ಯಾರೋ ಎಲ್ಲೋ ಒಂದು ಪಟ್ಟಿ ಮಾಡ್ತಾರೆ. ಆ ಪಟ್ಟಿಯಲ್ಲಿ ಅಂಡಮಾನ್ ಕೆಳಗಿತ್ತು.

ಯುರೋಪಿನಲ್ಲೂ ಇದೇ ಬಿಕ್ಕಟ್ಟು. ನಾರ್ಮಂಡಿ ದಾಳಿಯನ್ನ ಮೇ ತಿಂಗಳಿಂದ ಜೂನ್‌ಗೆ ತಳ್ಳಿದ್ದಕ್ಕೆ ಒಂದು ಕಾರಣ, ಇನ್ನೊಂದು ತಿಂಗಳ ಉತ್ಪಾದನೆಯ ಹಡಗುಗಳು ಸಿಗಲಿ ಅನ್ನೋದು. ದಕ್ಷಿಣ ಫ್ರಾನ್ಸಿನ ದಾಳಿಯನ್ನ ಅದರ ಜೊತೆಗೇ ಮಾಡಬೇಕಂತಿದ್ರು. ಹಡಗು ಸಾಲದೆ ಅದು ಆಗಸ್ಟ್ 15ಕ್ಕೆ ಹೋಯ್ತು.

—

ಕಂತು 7/10: ನಲವತ್ತಕ್ಕೂ ಹೆಚ್ಚು ಟ್ರಿಪ್

1944ರ ಏಪ್ರಿಲ್ 28ರ ರಾತ್ರಿ, ಇಂಗ್ಲೆಂಡಿನ ದಕ್ಷಿಣ ಕರಾವಳಿ. ನಾರ್ಮಂಡಿಗೆ ತಾಲೀಮು ನಡೀತಿತ್ತು. ಸೈನಿಕರಿಂದ ತುಂಬಿದ ಎಲ್‌ಎಸ್‌ಟಿಗಳ ಸಾಲಿನ ಮೇಲೆ ಜರ್ಮನಿಯ ವೇಗದ ಟಾರ್ಪಿಡೊ ದೋಣಿಗಳು ಕತ್ತಲಲ್ಲಿ ಎರಗಿದ್ವು. 507 ಮತ್ತು 531 ಮುಳುಗಿದ್ವು, 289 ಹಾಳಾಗಿ ಹೇಗೋ ದಡ ಸೇರ್ತು. ತಾಲೀಮಿನಲ್ಲೇ 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ದಾಳಿಯ ಗುಟ್ಟು ಹೊರಬೀಳಬಾರದು ಅಂತ ಆ ಸುದ್ದಿಯನ್ನ ಮುಚ್ಚಿಟ್ಟರು.

325 ಆ ಸಾಲಿನಲ್ಲಿ ಇರಲಿಲ್ಲ. ಜೂನ್ 5ರಂದು ಅದು ಫಾಲ್ಮತ್‌ನಿಂದ ಹೊರಟಿತು. ಅದರ ಪಾಲಿಗೆ ಬಂದಿದ್ದು ಒಮಾಹಾ ದಡ, ಜೂನ್ 6ರಂದು ಅತಿ ಹೆಚ್ಚು ರಕ್ತ ಹರಿದ ಜಾಗ. ಮೊದಲ ಅಲೆಯಲ್ಲಿ ಅಲ್ಲ, ಅದರ ಬೆನ್ನಿಗೆ ಹೋದ ಪಡೆಯಲ್ಲಿ. ಜೂನ್ 7ರಂದು ಒಮಾಹಾ ಎದುರು ಲಂಗರು ಹಾಕಿ, ಜನರನ್ನೂ ವಾಹನಗಳನ್ನೂ ಸಣ್ಣ ದೋಣಿಗಳಿಗೆ ಇಳಿಸಿತು.

ಡಿ-ಡೇ ಸಿನಿಮಾಗಳು ಸಾಮಾನ್ಯವಾಗಿ ಆ ಒಂದು ದಿನಕ್ಕೆ ಮುಗಿಯುತ್ತೆ. ಈ ಹಡಗಿನ ಕೆಲಸ ಅಲ್ಲಿಂದ ಶುರು. ಲಕ್ಷಾಂತರ ಸೈನಿಕರು ದಡದಲ್ಲಿದ್ದಾರೆ. ಅವರಿಗೆ ದಿನಾ ಊಟ, ಪೆಟ್ರೋಲು, ಗುಂಡು, ಟೈರು, ಔಷಧಿ ಬೇಕು. ಮುಂದಿನ ಏಪ್ರಿಲ್‌ವರೆಗೆ 325 ಇಂಗ್ಲಿಷ್ ಕಾಲುವೆಯನ್ನ 40ಕ್ಕೂ ಹೆಚ್ಚು ಸಲ ದಾಟಿತು. ಎಲ್‌ಎಸ್‌ಟಿಗಳು ಉಬ್ಬರ ಇದ್ದಾಗ ದಡಕ್ಕೆ ಬರ್ತಿದ್ವು, ಇಳಿತ ಬಂದಾಗ ನೀರು ಹಿಂದೆ ಸರಿದು ಒಣ ಮರಳ ಮೇಲೆ ಕೂರ್ತಿದ್ವು. ಲಾರಿಗಳು ಚಕ್ರ ನೆನೆಯದೆ ಇಳಿದು ಹೋಗ್ತಿದ್ವು. ಮತ್ತೆ ಉಬ್ಬರ ಬಂದಾಗ ತೇಲಿ ವಾಪಸ್. ಹೋಗುವಾಗ ಟ್ಯಾಂಕು ನಿಂತಿದ್ದ ಅದೇ ನೆಲದ ಮೇಲೆ ಬರುವಾಗ ಗಾಯಾಳುಗಳ ಸ್ಟ್ರೆಚರ್ ಸಾಲು.

1944ರ ಡಿಸೆಂಬರ್ 28. ಫ್ರಾನ್ಸಿನ ಹತ್ತಿರ ಎಂಪೈರ್ ಜ್ಯಾವೆಲಿನ್ ಅನ್ನೋ ಸೈನಿಕರ ಹಡಗು ಹೊಡೆತ ತಿಂದು ಮುಳುಗ್ತಿತ್ತು. 325 ಅಲ್ಲಿಗೆ ಹೋಗಿ ಸುಮಾರು 700 ಜನರನ್ನ ಹತ್ತಿಸ್ಕೊಂಡಿತು. ಅದರ ಕ್ಯಾಪ್ಟನ್ ಕ್ಲಿಫರ್ಡ್ ಮೋಜಿಯರ್‌ಗೆ ಕಂಚಿನ ನಕ್ಷತ್ರ ಪದಕ ಬಂತು. ಇಡೀ ಯುದ್ಧದಲ್ಲಿ ಈ ಹಡಗು ಪತ್ರಿಕೆಯ ತಲೆಬರಹ ಆಗಬಹುದಾಗಿದ್ದ ದಿನ ಅಂದ್ರೆ ಬಹುಶಃ ಇದೊಂದೇ. ಉಳಿದಿದ್ದೆಲ್ಲ ಲಾರಿ ಡ್ರೈವರ್ ಕೆಲಸ.

—

ಕಂತು 8/10: ಗುಜರಿಗೆ ಹೋಗಲಿಲ್ಲ

1945ರ ಮೇ. ಯುರೋಪಿನಲ್ಲಿ ಯುದ್ಧ ಮುಗೀತು. ಬೆಲ್‌ಫಾಸ್ಟ್‌ನಿಂದ ಮನೆಗೆ ಹೊರಟ 325ಕ್ಕೆ ಶತ್ರು ಮಾಡದಿದ್ದನ್ನ ಸಮುದ್ರ ಮಾಡೋದರಲ್ಲಿತ್ತು. ಬಿರುಗಾಳಿಯಲ್ಲಿ ಒಂದು ಭಾರಿ ಅಲೆಗೆ ಮೂತಿ ಹೊಕ್ಕು ಮೇಲಿನ ಡೆಕ್ ಅಡ್ಡಡ್ಡ ಬಿರುಕು ಬಿಡ್ತು. ಹಡಗಿನ ಕೆಲಸಗಾರರು ಆ ಹೊಯ್ದಾಟದಲ್ಲೇ ಉಕ್ಕಿನ ತುಂಡುಗಳನ್ನ ಬಿರುಕಿನ ಮೇಲೆ ಇಟ್ಟು ಬೆಸುಗೆ ಹಾಕಿದ್ರು. ಅವಸರದಲ್ಲಿ ಕಟ್ಟಿದ ಹಡಗು ಅವಸರದ ತೇಪೆಯಲ್ಲಿ ಮನೆ ಸೇರ್ತು.

1946ರ ಜುಲೈ 2ಕ್ಕೆ ಸೇವೆಯಿಂದ ಹೊರಗೆ, ಫ್ಲೋರಿಡಾದಲ್ಲಿ ಸಾಲು ಹಡಗುಗಳ ನಡುವೆ ನಿಲುಗಡೆ. ಲೆಕ್ಕದ ಪ್ರಕಾರ ಇಲ್ಲಿಗೆ ಮುಗಿಯಬೇಕು. ಇದರ ಜೊತೆಯ ನೂರಾರು ಹಡಗುಗಳು ಹೀಗೇ ಮುಗಿದ್ವು. ಕೆಲವನ್ನ ಗುಜರಿಗೆ ಒಡೆದ್ರು, ಕೆಲವನ್ನ ಗುರಿ ಅಭ್ಯಾಸಕ್ಕೆ ಮುಳುಗಿಸಿದ್ರು, ಎಷ್ಟೋ ಹಡಗು ಬೇರೆ ಬೇರೆ ದೇಶಗಳ ಪಾಲಾದ್ವು. ನಮ್ಮ ನೌಕಾಪಡೆಗೂ ಯುದ್ಧಕಾಲದ ಒಂದು ಎಲ್‌ಎಸ್‌ಟಿ ಬಂತು. ಬ್ರಿಟನ್ ಕಟ್ಟಿದ್ದ ಅವೆಂಜರ್ ಅನ್ನೋ ಹಡಗು 1949ರಲ್ಲಿ ಐಎನ್‌ಎಸ್ ಮಗರ್ ಆಯ್ತು. ಮಗರ್ ಅಂದ್ರೆ ಮೊಸಳೆ. ನೀರಲ್ಲೂ ದಡದಲ್ಲೂ ಓಡಾಡೋ ಪ್ರಾಣಿ, ಹೆಸರು ಸರಿಯಾಗಿಯೇ ಇದೆ.

325ಕ್ಕೆ 1951ರಲ್ಲಿ ಮತ್ತೆ ಕರೆ. ಈಗ ಎದುರಾಳಿ ಸೋವಿಯತ್ ಒಕ್ಕೂಟ, ಜಾಗ ಉತ್ತರದ ಹಿಮ. ಕೆನಡಾದ ಪೂರ್ವ ಕರಾವಳಿ, ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ ರಾಡಾರ್ ಕೇಂದ್ರಗಳನ್ನ ಕಟ್ತಾ ಇದ್ರು. ಅಲ್ಲಿಗೆ ಬಂದರು ಎಲ್ಲಿಂದ ಬರಬೇಕು? ದಡಕ್ಕೆ ಮೂತಿ ಒತ್ತಿ ಸಾಮಾನು ಇಳಿಸೋ ಹಡಗೇ ಬೇಕು. ಇಟಲಿಯ ಬಿಸಿಲಿಗೆ ಹೋದ ಹಡಗು ಆರ್ಕ್ಟಿಕ್ ಮಂಜಿಗೂ ಹೋಯ್ತು.

1955ರಲ್ಲಿ ಅಮೆರಿಕ ಉಳಿದಿದ್ದ ಎಷ್ಟೋ ಎಲ್‌ಎಸ್‌ಟಿಗಳಿಗೆ ಕೊನೆಗೂ ಹೆಸರಿಟ್ಟಿತು, ಕೌಂಟಿಗಳ ಹೆಸರು. ನಮ್ಮ ಜಿಲ್ಲೆಗಳ ಹಾಗೆ ಅಂದ್ಕೊಳ್ಳಿ. 325ಕ್ಕೆ ಆಗಲೂ ಸಿಗಲಿಲ್ಲ. 1964ರಲ್ಲಿ ಅದನ್ನ ಗ್ರೀಸ್‌ಗೆ ಕೊಟ್ಟಾಗ, ಹುಟ್ಟಿ 22 ವರ್ಷಕ್ಕೆ, ಅದಕ್ಕೊಂದು ಹೆಸರು ಬಂತು: ಸೈರೊಸ್. ಏಜಿಯನ್ ಸಮುದ್ರದ ಒಂದು ದ್ವೀಪದ ಹೆಸರು. ಗ್ರೀಸ್ ಅಂದ್ರೆ ದ್ವೀಪಗಳ ದೇಶ, ಇಂಥ ಹಡಗಿಗೆ ಅಲ್ಲಿ ಕೆಲಸಕ್ಕೆ ಬರವಿಲ್ಲ. 1999ರವರೆಗೆ, 35 ವರ್ಷ, ಗ್ರೀಕ್ ನಾವಿಕರು ಅದನ್ನ ತೊಳೆದು, ಬಣ್ಣ ಬಳಿದು, ಇಂಜಿನ್ ರಿಪೇರಿ ಮಾಡ್ತಾ ಓಡಿಸಿದ್ರು.

ಈ ಕಂತು ಸ್ವಲ್ಪ ಗಮನ ಇಟ್ಟು ಓದಿ. ಹಡಗು ಉಳಿದ ಗುಟ್ಟು ಇಲ್ಲೇ ಇದೆ.

—

ಕಂತು 9/10: ಅಜ್ಜಂದಿರ ಹಡಗು

ಅತ್ತ ಅಮೆರಿಕದಲ್ಲಿ ಎಲ್‌ಎಸ್‌ಟಿಯಲ್ಲಿ ದುಡಿದಿದ್ದ ಹುಡುಗರು ಅಜ್ಜಂದಿರಾಗಿದ್ರು. ತಮ್ಮ ಹಡಗಿನ ಜಾತಿಯದ್ದೊಂದು ಎಲ್ಲಾದ್ರೂ ನೆನಪಿಗೆ ಉಳೀಬೇಕು ಅಂತ ಸಂಘ ಕಟ್ಟಿ ಹುಡುಕ್ತಾ ಇದ್ರು. ಗ್ರೀಸ್‌ನಲ್ಲಿ ಒಂದು ಸೇವೆ ಮುಗಿಸಿ ನಿಂತಿದೆ ಅಂತ ಗೊತ್ತಾಯ್ತು. ಅಮೆರಿಕದ ಸಂಸತ್ತಿನ ಒಪ್ಪಿಗೆ ಬೇಕಾಯ್ತು, ಅದೂ ಸಿಕ್ತು. ಆದ್ರೆ ತರೋದು ಹೇಗೆ?

ಅವರು ತೀರ್ಮಾನ ಮಾಡಿದ್ರು: ನಾವೇ ಓಡಿಸ್ಕೊಂಡು ಬರ್ತೀವಿ.

2000ದ ಬೇಸಿಗೆಯಲ್ಲಿ ಕ್ರೀಟ್ ದ್ವೀಪದ ಸೌಡಾ ಕೊಲ್ಲಿಗೆ ಹೋದ್ರು. ಸುಡು ಬಿಸಿಲು. ತಿಂಗಳುಗಟ್ಟಲೆ ಪೈಪು, ಪಂಪು, ಇಂಜಿನ್ ಬಿಚ್ಚಿ ಸರಿ ಮಾಡಿದ್ರು. ಆರೋಗ್ಯ ಕೈಕೊಟ್ಟು ಕೆಲವರು ಊರಿಗೆ ಮರಳಬೇಕಾಯ್ತು. ಉಳಿದ ತಂಡ 29 ಜನ, ಸರಾಸರಿ ವಯಸ್ಸು 72. ಕ್ಯಾಪ್ಟನ್ ರಾಬರ್ಟ್ ಜಾರ್ನ್ಲಿನ್. ನವೆಂಬರ್‌ನಲ್ಲಿ ಕ್ರೀಟ್ ಬಿಟ್ಟರು, ಜಿಬ್ರಾಲ್ಟರ್ ಮುಟ್ಟಿದ್ರು. ಚಳಿಗಾಲದ ಅಟ್ಲಾಂಟಿಕ್, 58 ವರ್ಷದ ಹಡಗು, ಅದನ್ನ ನಡೆಸೋರು ಎಪ್ಪತ್ತು ದಾಟಿದವರು. ಬೇಡ ಅಂದವರೇ ಹೆಚ್ಚು. ಡಿಸೆಂಬರ್ 12ಕ್ಕೆ ಹೊರಟೇಬಿಟ್ಟರು.

ನಿಮ್ಮ ಮನೆಯ ಅಜ್ಜನನ್ನ ನೆನೆಸ್ಕೊಳ್ಳಿ. ಅವರು ರಾತ್ರಿ ಎರಡು ಗಂಟೆಗೆ ಎದ್ದು ಇಂಜಿನ್ ರೂಮಿನ ಪಾಳಿಗೆ ಕಬ್ಬಿಣದ ಏಣಿ ಇಳಿದು ಹೋಗೋದನ್ನ ಯೋಚಿಸಿ. ಕ್ರಿಸ್‌ಮಸ್ ಸಮುದ್ರದಲ್ಲಿ, ಹೊಸ ವರ್ಷ ಸಮುದ್ರದಲ್ಲಿ. ಅದೇ ಹೊರಳಾಟ, ಅದೇ ಆಮೆ ವೇಗ.

2001ರ ಜನವರಿ 10ರಂದು ಅಲಬಾಮಾದ ಮೊಬೈಲ್ ಬಂದರಿಗೆ ಹಡಗು ಬಂತು. ಕ್ರೀಟ್‌ನಿಂದ ಒಟ್ಟು ಸುಮಾರು 6,500 ಮೈಲಿ.

ಇವರೆಲ್ಲ 325ರಲ್ಲೇ ದುಡಿದವರು ಅಂದ್ಕೋಬೇಡಿ. ಹೆಚ್ಚಿನವರದ್ದು ಬೇರೆ ಬೇರೆ ಹಡಗುಗಳು. ತಮ್ಮ ತಮ್ಮ ನಂಬರಿನ ಹಡಗು ಎಂದೋ ಗುಜರಿಯಾಗಿತ್ತು. ಸಿಕ್ಕಿದ ಒಂದನ್ನೇ ಎಲ್ಲರೂ ತಮ್ಮದು ಅಂದ್ಕೊಂಡ್ರು. ಹೆಸರಿಲ್ಲದ್ದರಿಂದ ಆದ ಉಪಕಾರ ಬಹುಶಃ ಇದೊಂದು.

—

ಕಂತು 10/10: ಉಳಿದದ್ದು ಹೇಗೆ

2005ರಿಂದ 325ರ ಮನೆ ಇವಾನ್ಸ್‌ವಿಲ್. ನಾಲ್ಕನೇ ಕಂತಿನ ಆ ಜೋಳದ ಹೊಲದ ಊರು. ತಾನು ಕಟ್ಟದ ಹಡಗನ್ನ ಆ ಊರು ತನ್ನದೇ ಮಗಳ ಹಾಗೆ ಇಟ್ಕೊಂಡಿದೆ. ತನ್ನ 167ರ ನೆನಪು ಇದರಲ್ಲಿ. ಇದು ಮ್ಯೂಸಿಯಂ, ಆದ್ರೆ ಕಟ್ಟಿಹಾಕಿದ ಮ್ಯೂಸಿಯಂ ಅಲ್ಲ. ನದಿಯಲ್ಲಿ ತನ್ನದೇ ಇಂಜಿನ್‌ನಿಂದ ಬೇರೆ ಊರುಗಳಿಗೆ ಹೋಗಿ ಬಾಗಿಲು ತೆರೆದು ಜನರನ್ನ ಹತ್ತಿಸ್ಕೊಳ್ಳುತ್ತೆ.

ಹಾಗಿದ್ರೆ ಇವಾನ್ಸ್‌ವಿಲ್‌ನ ಸ್ವಂತ ಮಕ್ಕಳು? ಕೊನೆಯ ಫೋಟೋ ಸ್ವೈಪ್ ಮಾಡಿ. ದಕ್ಷಿಣ ಚೀನಾ ಸಮುದ್ರದಲ್ಲಿ ಒಂದು ಹವಳದ ದಿಬ್ಬ, ಅದರ ಮೇಲೆ ತುಕ್ಕು ಹಿಡಿದ ಹಡಗು. ಅದು ಎಲ್‌ಎಸ್‌ಟಿ 821, ಇವಾನ್ಸ್‌ವಿಲ್‌ನಲ್ಲೇ ಕಟ್ಟಿದ್ದು. ಅಮೆರಿಕದಿಂದ ದಕ್ಷಿಣ ವಿಯೆಟ್ನಾಂಗೆ, ಅಲ್ಲಿಂದ ಫಿಲಿಪ್ಪೀನ್ಸ್‌ಗೆ. ಈಗ ಹೆಸರು ಸಿಯೆರಾ ಮಾದ್ರೆ. 1999ರಲ್ಲಿ ಫಿಲಿಪ್ಪೀನ್ಸ್ ಅದನ್ನ ಬೇಕಂತಲೇ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿತು. ಈ ಜಾಗ ನಮ್ಮದು ಅಂತ ಚೀನಾಕ್ಕೆ ತೋರಿಸೋಕೆ. ಅದರೊಳಗೆ ಸೈನಿಕರು ವಾಸ ಮಾಡ್ತಾರೆ, ಅವರಿಗೆ ಊಟ ತಲುಪಿಸೋ ದೋಣಿಗಳ ಮೇಲೆ ಚೀನಾದ ಹಡಗುಗಳು ನೀರಿನ ಫಿರಂಗಿ ಹಾರಿಸಿದ ಸುದ್ದಿ ನೀವು ಓದಿರ್ತೀರಿ. ಅಮೆರಿಕದಲ್ಲೇ ಎಲ್‌ಎಸ್‌ಟಿ 510 ಅನ್ನೋದು, ಅದೂ ನಾರ್ಮಂಡಿಗೆ ಹೋಗಿದ್ದೇ, ಯುದ್ಧದ ನಂತರ ಕಾರುಗಳನ್ನ ದಾಟಿಸೋ ಫೆರ್ರಿ ಆಯ್ತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಒಂದು ವಿಷಯ ಕಾಣುತ್ತೆ. ಇವು ವೀರಗಾಥೆ ಇದೆ ಅಂತ ಉಳಿದಿದ್ದಲ್ಲ. ಯಾರೋ ಒಬ್ಬರಿಗೆ ದಿನಾ ಬೇಕಾಗಿದ್ದಕ್ಕೆ ಉಳಿದ್ವು. 325ನ್ನ ಕಾಪಾಡಿದ್ದು ಅಜ್ಜಂದಿರು ಅಂತ ನಾವು ಹೇಳ್ತೀವಿ, ನಿಜ. ಆದ್ರೆ ಅಜ್ಜಂದಿರು ಬರೋವರೆಗೆ ಅದನ್ನ ಕಾಪಾಡಿದ್ದು ಗ್ರೀಸ್‌ನ ನಾವಿಕರು. ಅವರಿಗೆ ಅದು ಸ್ಮಾರಕ ಆಗಿರಲಿಲ್ಲ, ಕೆಲಸದ ಹಡಗು. 35 ವರ್ಷ ಎಣ್ಣೆ ಹಾಕಿದವರ ಹೆಸರು ಯಾವ ಫಲಕದ ಮೇಲೂ ದೊಡ್ಡದಾಗಿ ಬರಲ್ಲ.

ಸವಕಳಿಯ ಲೆಕ್ಕದಲ್ಲಿ ವಸ್ತು ಬಳಸಿದಷ್ಟೂ ಬೆಲೆ ಕಳ್ಕೊಳ್ಳುತ್ತೆ. ಪರೀಕ್ಷೆಯಲ್ಲಿ ನಾನೂ ಹಾಗೇ ಬರೀತೀನಿ, ಮಾರ್ಕ್ಸ್ ಬೇಕಲ್ಲ. ಆದ್ರೆ ಈ ಹಡಗು ಬಳಸಿದ್ದಕ್ಕೇ ಉಳೀತು. ಸುಮ್ಮನೆ ನಿಲ್ಲಿಸಿದ್ದ ಇದರ ಒಡಹುಟ್ಟುಗಳನ್ನ ಒಡೆದು ಮಾರಿದ್ರು.

ಗ್ರೀಸ್ ಕೊಟ್ಟ ಹೆಸರು ಮನೆಗೆ ಬಂದಾಗ ಹೋಯ್ತು. ಮೂತಿಯ ಮೇಲೆ ಮತ್ತೆ ಹಳೇ ನಂಬರ್ ಬರೆದ್ರು. ಮೊದಲ ಕಂತಿನ ಫೋಟೋಗೆ ಹೋಗಿ ನೋಡಿ: 325. ಅದೇ ಈಗ ಅದರ ಹೆಸರು.

ಇತಿಹಾಸ ಇಷ್ಟಪಡೋ ಗೆಳೆಯರಿಗೆ ಕಳಿಸಿ. ನಿಮ್ಮ ಮನೆಯಲ್ಲಿ ಬಳಸ್ತಾ ಇರೋದರಿಂದಲೇ ಉಳಿದಿರೋ ಹಳೇ ವಸ್ತು ಯಾವುದಿದೆ? ಒರಳು, ಹೊಲಿಗೆ ಯಂತ್ರ, ಸೈಕಲ್ಲು, ಏನಾದ್ರೂ ಸರಿ, ಬರೆದು ತಿಳಿಸಿ.

#ಹಡಗಿನಕಥೆ #ಎರಡನೇಮಹಾಯುದ್ಧ #ಕನ್ನಡದಲ್ಲಿಇತಿಹಾಸ #ಎಲ್‌ಎಸ್‌ಟಿ325